ಹತ್ತಾಣೆಯ ಸೊಳ್ಳೆಗಳು

ಕಾಮರ್ಸ್ ಓದುವವನಿಗೆ ಡಾಕ್ಟರ ಚರಿತ್ರೆ ಯಾಕೆ ಅಂತ ಮಿತ್ರರು ಕೇಳಬಹುದು. ಈ ಡಾಕ್ಟರನ ಬದುಕಿನಲ್ಲಿ ಲೆಕ್ಕವೂ ಇದೆ, ಸಾಹಿತ್ಯವೂ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ರೊನಾಲ್ಡ್ ರಾಸ್ ಹುಟ್ಟಿದ್ದು 1857ರ ಮೇ 13ರಂದು, ಅಲ್ಮೋರಾದಲ್ಲಿ. ತಂದೆ ಸೈನ್ಯದ ಅಧಿಕಾರಿ. ಹುಡುಗನಿಗೆ ಕವಿತೆ, ಸಂಗೀತ, ಗಣಿತದ ಹುಚ್ಚು. ಅಪ್ಪನ ಬಲವಂತಕ್ಕೆ ವೈದ್ಯ ಓದಿ 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದ. 1883ರಲ್ಲಿ ನಮ್ಮ ಬೆಂಗಳೂರಿಗೆ ಬಂದಾಗ ಬಂಗಲೆ ತುಂಬ ಸೊಳ್ಳೆ. ಕಿಟಕಿಯಾಚೆಯ ತೊಟ್ಟಿಯ ನೀರು ಚೆಲ್ಲಿಸಿದ, ಸೊಳ್ಳೆ ಕಮ್ಮಿಯಾಯಿತು.

ಮಲೇರಿಯಾದ ಪರಾವಲಂಬಿ ಜೀವಿಯನ್ನು ರಕ್ತದಲ್ಲಿ ಲಾವರಾನ್ 1880ರಲ್ಲೇ ಕಂಡಿದ್ದ. ಅದು ಒಬ್ಬನಿಂದ ಇನ್ನೊಬ್ಬನಿಗೆ ಹೋಗುವುದು ಹೇಗೆ? ಸೊಳ್ಳೆಯೊಳಗೆ ಹುಡುಕಲು ರಾಸ್‌ಗೆ ಹಚ್ಚಿದವನು ಲಂಡನ್ನಿನ ಮ್ಯಾನ್ಸನ್. 1897ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಎಂಬ ರೋಗಿ ಸೊಳ್ಳೆಗೊಂದಾಣೆಯಂತೆ ಹತ್ತಾಣೆಗೆ ಹತ್ತು ಸೊಳ್ಳೆಯಿಂದ ಕಚ್ಚಿಸಿಕೊಂಡ. 20ನೇ ತಾರೀಖು ಅವುಗಳಲ್ಲೊಂದರ ಹೊಟ್ಟೆಯ ಗೋಡೆಯಲ್ಲಿ ಪರಾವಲಂಬಿ ಸಿಕ್ಕಿತು. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾ ಸೊಳ್ಳೆಯ ಜೊಲ್ಲಿನಿಂದ ಹರಡುವುದನ್ನು ತೋರಿಸಿದ. 1902ರಲ್ಲಿ ನೊಬೆಲ್ ಬಂತು. ಹುಸೇನ್ ಖಾನನ ಹೆಸರು ಎಷ್ಟು ಜನಕ್ಕೆ ಗೊತ್ತು?

ಹೋದ ಮಳೆಗಾಲದಲ್ಲಿ ಇಲ್ಲಿ ದೆಹಲಿಯಲ್ಲಿ ನನಗೆ ಚಳಿಜ್ವರ ಬಂದಾಗ ಡಾಕ್ಟರು ಎಡಪಕ್ಕೆಯ ಕೆಳಗೆ ಒತ್ತಿ ಗುಲ್ಮ ನೋಡಿದರು. ಅದಕ್ಕೂ ಈ ಸೀಮೆಗೂ ಹಳೇ ನಂಟು. 1840ರ ದಶಕದಲ್ಲಿ ಡೆಂಪ್ಸ್ಟರ್ ಎಂಬ ವೈದ್ಯ ದೆಹಲಿ, ಕರ್ನಾಲ್ ಕಡೆಯ ಕಾಲುವೆ ಹಳ್ಳಿಗಳಲ್ಲಿ ಊದಿದ ಗುಲ್ಮಗಳನ್ನೆಣಿಸಿ ಜ್ವರವನ್ನು ಅಳೆದಿದ್ದ. ರಾಸ್ ಕೂಡ ಮಾರಿಷಸ್ ದ್ವೀಪದಲ್ಲಿ ಮಕ್ಕಳ ಗುಲ್ಮ ಎಣಿಸಿದ.

ಗುಲ್ಮ ಊದುವುದು ಯಾಕೆ? ಅದು ರಕ್ತದ ಜರಡಿ. ಅಲ್ಲಿನ ಭಕ್ಷಕ ಕಣಗಳು ಪರಾವಲಂಬಿ ಹೊಕ್ಕ ಕೆಂಪುಕಣಗಳನ್ನು ನುಂಗುತ್ತವೆ. ಬೇರೆ ಬಿಳಿಕಣಗಳು ಪ್ರತಿಕಾಯ ತಯಾರಿಸುತ್ತವೆ. ಕೆಲಸ ಹೆಚ್ಚಿದಷ್ಟೂ ಗುಲ್ಮ ದೊಡ್ಡದಾಗುತ್ತೆ. ಶತ್ರುವೂ ಕಿಲಾಡಿ. ಫಾಲ್ಸಿಪ್ಯಾರಮ್ ಎಂಬ ಜಾತಿ ಕೆಂಪುಕಣದ ಮೇಲಿನ ತನ್ನ ಗುರುತನ್ನು ಬದಲಿಸುತ್ತಲೇ ಇರುತ್ತೆ. ಹಾಗಾಗಿ ಒಮ್ಮೆ ಬಂದದ್ದು ಮತ್ತೆ ಬಾರದು ಅನ್ನುವಂತಿಲ್ಲ.

ರಾಸ್‌ನ ಗಣಿತ ಇಲ್ಲಿ ಉಪಯೋಗಕ್ಕೆ ಬಂತು. ಸೊಳ್ಳೆಗಳನ್ನೆಲ್ಲ ಕೊಲ್ಲಬೇಕಿಲ್ಲ, ಒಂದು ಮಟ್ಟಕ್ಕಿಂತ ಕೆಳಗಿಳಿಸಿದರೆ ಹೊಸ ರೋಗಿಗಳಿಗಿಂತ ಗುಣವಾಗುವವರೇ ಹೆಚ್ಚಾಗಿ ರೋಗ ತಾನೇ ಅಳಿಯುತ್ತೆ ಎಂದು ಲೆಕ್ಕ ಹಾಕಿ ತೋರಿಸಿದ. ಜಮೆಗಿಂತ ಖರ್ಚು ಜಾಸ್ತಿಯಾದ ಅಂಗಡಿ ಬಾಗಿಲು ಹಾಕುವುದಿಲ್ಲವೇ, ಹಾಗೆ.

ಮುಂಗೋಪಿ, ಜಗಳಗಂಟ, ಇಟಲಿಯ ಗ್ರಾಸಿಯೊಡನೆ ಕೀರ್ತಿಗಾಗಿ ವರ್ಷಗಟ್ಟಲೆ ಕಾದಾಡಿದ. ಕವಿತೆ, ಕಾದಂಬರಿಗಳನ್ನೂ ಬರೆದು 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡ.

ಹಾಸ್ಟೆಲಿನ ಗೆಳೆಯರೇ, ಕೂಲರಿನ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ. ರಾಸ್‌ಗೆ ನಾವು ಸಲ್ಲಿಸಬಹುದಾದ ಗೌರವ ಅದೇ.