ಏಳು ತಂತಿಯ ಪಿಟೀಲು ಚೌಡಯ್ಯನವರು

ನಮ್ಮೂರು ಕಂಪ್ಲಿ ಸೀಮೆಯ ಎಮ್ಮಿಗನೂರು. ಭತ್ತದ ಗದ್ದೆ, ಕಾಲುವೆ, ವರ್ಷಕ್ಕೊಮ್ಮೆ ತೇರು. ಇವೇ ಅದರ ಸಂಪತ್ತು. ತೇರಿಗೂ ಮದುವೆಗೂ ಬಾರಿಸುವ ಬ್ಯಾಂಡ್ ಮೇಳದಲ್ಲಿ ನನ್ನ ತಂದೆಯವರು ಕ್ಲಾರಿಯೋನೆಟ್ ಊದುತ್ತಾರೆ; ಮಿಕ್ಕ ದಿನಗಳಲ್ಲಿ ಗದ್ದೆಯ ಕೆಲಸ. ಈ ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ತಂದೆಯ ಉದ್ಯೋಗವೆಂದಿದ್ದ ಕಡೆ ನಾನು ವ್ಯವಸಾಯ ಎಂದು ಬರೆದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಬ್ಯಾಂಡಿನವರ ಮಗನೆಂದು ಹೇಳಿಕೊಳ್ಳಲು ನಾಚಿಕೆಯಾಗಿತ್ತು.

ಈ ಸಂಚಿಕೆಗಾಗಿ ಕ್ಲಾರಿಯೋನೆಟ್ಟಿನ ಚರಿತ್ರೆಯನ್ನು ಹುಡುಕಲು ತೊಡಗಿದೆ. ಅದು ಸುಮಾರು ೧೭೦೦ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಡೆನ್ನರ್ ಎಂಬ ಕುಶಲಿ ರೂಪಿಸಿದ ವಾದ್ಯ. ನಮ್ಮ ನೆರೆಯ ರಾಯಚೂರು ಸೀಮೆಯ ನರಸಿಂಹಲು ವಡವಾಟಿಯವರು ಅದರಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿ ಹೆಸರಾದರು. ಹಾಗೆಯೇ ಕಡಲು ದಾಟಿ ಬಂದು ನಮ್ಮದಾದ ಇನ್ನೊಂದು ವಾದ್ಯ ಪಿಟೀಲು. ಅದನ್ನು ಮೊದಲು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರು ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರೆಂದು ಹೇಳುತ್ತಾರೆ. ಪಿಟೀಲಿನ ಚರಿತ್ರೆಯನ್ನು ಓದುತ್ತ ಹೋದಾಗ ಮೈಸೂರಿನ ಟಿ. ಚೌಡಯ್ಯನವರ ಬಾಳು ನನ್ನನ್ನು ಹಿಡಿದು ನಿಲ್ಲಿಸಿತು.

ಚೌಡಯ್ಯನವರು ೧೮೯೫ರ ಜನವರಿ ೧ರಂದು ತಿರುಮಕೂಡಲಿನಲ್ಲಿ ಜನಿಸಿದರು. ಕಾವೇರಿ ಕಪಿಲೆಯರು ಕೂಡುವ ಪುಣ್ಯಸ್ಥಳವದು. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮನವರು. ಹದಿನೈದರ ಹರೆಯದಲ್ಲಿ, ಅಂದರೆ ೧೯೧೦ರಲ್ಲಿ, ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಗುರುಗಳು ಹೆಸರಾಂತ ಗಾಯಕರು. ಶಿಸ್ತಿನಲ್ಲಿ ಬಹಳ ಬಿಗಿ. ಅವರ ಮನೆಯಲ್ಲಿ ೧೯೧೮ರವರೆಗೆ, ಎಂಟು ವರ್ಷಗಳ ಕಾಲ, ಈ ಶಿಷ್ಯ ಸೇವೆಯನ್ನೂ ಸಾಧನೆಯನ್ನೂ ಒಟ್ಟಿಗೇ ಮಾಡಿದರು. ಮುಂದೆ ಗುರುಗಳ ಕಚೇರಿಗಳಲ್ಲಿಯೇ ಪಕ್ಕವಾದ್ಯಕ್ಕೆ ಕುಳಿತರು.

ಆಗ ಧ್ವನಿವರ್ಧಕಗಳು ಇನ್ನೂ ಬಳಕೆಗೆ ಬಂದಿರಲಿಲ್ಲ. ಚಪ್ಪರದ ತುಂಬ ಜನ ಸೇರಿದರೆ ಗಾಯಕರ ಕಂಠವಾದರೂ ದೂರಕ್ಕೆ ಹೋಗುತ್ತಿತ್ತು. ನಾಲ್ಕು ತಂತಿಯ ಪಿಟೀಲಿನ ದನಿ ಮುಂದಿನ ಸಾಲುಗಳಲ್ಲೇ ಸೋತು ನಿಲ್ಲುತ್ತಿತ್ತು. ಹಿಂದೆ ಕುಳಿತವರಿಗೆ ತಮ್ಮ ವಾದನ ಕೇಳುತ್ತಿಲ್ಲವೆಂಬ ಕೊರಗು ಚೌಡಯ್ಯನವರನ್ನು ಕಾಡಿತು. ನಾಲ್ಕರಲ್ಲಿ ಮೂರು ತಂತಿಗಳಿಗೆ ಒಂದೊಂದು ಜೊತೆತಂತಿಯನ್ನು ಕಟ್ಟಿ, ೧೯೨೭ರ ಹೊತ್ತಿಗೆ ಏಳು ತಂತಿಯ ಪಿಟೀಲನ್ನು ಸಿದ್ಧಗೊಳಿಸಿದರು. ಕೇಳುವುದಕ್ಕೆ ಇದು ಸುಲಭ, ನುಡಿಸುವುದಕ್ಕಲ್ಲ. ಜೋಡಿ ತಂತಿಗಳ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ನಾದ ಕೆಡುತ್ತದೆ. ಒಂದೇ ಬೆರಳು ಎರಡು ತಂತಿಗಳನ್ನು ಸಮನಾಗಿ ಒತ್ತಬೇಕು, ಒಂದೇ ಕಮಾನು ಎರಡನ್ನೂ ಸಮನಾಗಿ ಸವರಬೇಕು. ಹಳೆಯ ಪದ್ಧತಿಯನ್ನು ಮೀರಿದ ಈ ವಾದ್ಯವನ್ನು ಎಲ್ಲರೂ ಮೆಚ್ಚಲಿಲ್ಲ. ಚೌಡಯ್ಯನವರು ವಾದಕ್ಕೆ ಹೋಗದೆ ಸಾಧನೆಯನ್ನು ಹೆಚ್ಚಿಸಿದರು. ಚೆಂಬೈ ವೈದ್ಯನಾಥ ಭಾಗವತರ ಸಿಂಹಕಂಠಕ್ಕೆ ಸಮನಾಗಿ ನಿಂತದ್ದು ಆ ಪಿಟೀಲು. ಅರಿಯಾಕುಡಿ ರಾಮಾನುಜ ಅಯ್ಯಂಗಾರ್ಯರಂಥ ಘನ ವಿದ್ವಾಂಸರಿಗೂ ಅವರು ಪಕ್ಕವಾದ್ಯ ನುಡಿಸಿದರು.

ಮೈಸೂರು ಅರಮನೆ ಅವರನ್ನು ಆಸ್ಥಾನ ವಿದ್ವಾಂಸರನ್ನಾಗಿ ಗೌರವಿಸಿತು. ತ್ರಿಮಕುಟವೆಂಬ ಅಂಕಿತದಲ್ಲಿ ಅವರು ಕೃತಿಗಳನ್ನು ರಚಿಸಿದರು. ಹುಟ್ಟಿದೂರಿನ ಹೆಸರೇ ಆ ಅಂಕಿತವಾಯಿತು. ೧೯೪೩ರಲ್ಲಿ ‘ವಾಣಿ’ ಎಂಬ ಕನ್ನಡ ಚಲನಚಿತ್ರಕ್ಕೂ ಕೈಹಾಕಿದರು. ೧೯೫೭ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯಿಂದ ಸಂಗೀತ ಕಲಾನಿಧಿ ಬಿರುದು ಬಂದಿತು. ೧೯೬೭ರ ಜನವರಿ ೧೯ರಂದು ಅವರು ಕಾಲವಾದರು. ಬೆಂಗಳೂರಿನಲ್ಲಿ ಅವರ ಹೆಸರಿನ ಸ್ಮಾರಕ ಭವನ ೧೯೮೦ರಲ್ಲಿ ಎದ್ದು ನಿಂತಿತು. ಆ ಕಟ್ಟಡವೇ ಒಂದು ದೊಡ್ಡ ಪಿಟೀಲು.

ಧ್ವನಿವರ್ಧಕ ಎಲ್ಲೆಡೆ ಹರಡಿದ ಮೇಲೆ ಏಳು ತಂತಿಗಳ ಅಗತ್ಯ ತಗ್ಗಿತು. ಇಂದು ಆ ಪಿಟೀಲನ್ನು ನುಡಿಸುವವರು ಬಹಳ ವಿರಳ. ಹಾಗೆಂದು ಅವರ ಶ್ರಮ ವ್ಯರ್ಥವಾಯಿತೆನ್ನಲು ನನಗೆ ಮನಸ್ಸು ಬಾರದು. ಹಿಂದೆ ಕುಳಿತವನೂ ಕೇಳುಗನೇ ಎಂದು ನೆನೆದು, ಅವನಿಗಾಗಿ ಕಷ್ಟವನ್ನು ತಾವಾಗಿ ಮೈಮೇಲೆ ಎಳೆದುಕೊಂಡವರು ಅವರು. ಮೂರು ವರ್ಷ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತ ನನಗೆ ಇದು ಸಣ್ಣ ಮಾತಾಗಿ ತೋರಲಿಲ್ಲ.

ರಜೆಗೆ ಊರಿಗೆ ಹೋದಾಗ ಈ ಕಥೆಯನ್ನು ಅಪ್ಪನಿಗೆ ಹೇಳಿದೆ. ಚೌಡಯ್ಯನವರ ಹೆಸರನ್ನು ಅವರು ಕೇಳಿರಲಿಲ್ಲ. ಏಳು ತಂತಿ ಕಟ್ಟಿದ ಕಾರಣವನ್ನು ಹೇಳಿದಾಗ ಮಾತ್ರ ತಲೆದೂಗಿದರು. ಮೆರವಣಿಗೆಯಲ್ಲಿ ಎಲ್ಲರಿಗಿಂತ ಹಿಂದೆ ಕಾಲೆಳೆಯುತ್ತ ಬರುವ ಮುದುಕಿಗೂ ಕೇಳಬೇಕೆಂದೇ ತಾವು ಉಸಿರು ಕಟ್ಟಿ ಊದುವುದೆಂದು ಹೇಳಿ, ವಾದ್ಯವನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟರು.

ಪರೀಕ್ಷೆ ಮುಗಿದ ಮೇಲೆ ಕೆಲಸಕ್ಕಾಗಿ ಎಷ್ಟೋ ಅರ್ಜಿಗಳನ್ನು ತುಂಬಬೇಕಾಗಿದೆ. ತಂದೆಯ ಉದ್ಯೋಗವೆಂದು ಕೇಳಿದ ಕಡೆ ಇನ್ನು ಮುಂದೆ ವ್ಯವಸಾಯ ಮತ್ತು ಕ್ಲಾರಿಯೋನೆಟ್ ವಾದನ ಎಂದು ಬರೆಯುತ್ತೇನೆ.