ಮೈಕ್ ಮೂಸ್: ಒಂದೇ ರಾತ್ರೀಲಿ ಪಿಂಗ್ ಬರೆದವರು

ನೆಟ್ ಕೈಕೊಟ್ಟರೆ ನಾವೆಲ್ಲಾ ಮೊದಲು ಮಾಡೋದು ಒಂದೇ ಕೆಲಸ, ಟರ್ಮಿನಲ್ ಓಪನ್ ಮಾಡಿ ಪಿಂಗ್ ಹೊಡೆಯೋದು. ರಿಪ್ಲೈ ಬಂದ್ರೆ ಲಿಂಕ್ ಸರಿ ಇದೆ ಅಂತ ತೀರ್ಮಾನ, ಬರದಿದ್ರೆ ಲಿಂಕ್ ಹೋಗಿದೆ ಅಂತ ತೀರ್ಮಾನ. ದಿನಾ ಬಳಸೋ ಈ ಪುಟ್ಟ ಕಮಾಂಡನ್ನ ಬರೆದವರು ಯಾರು ಅಂತ ಕೇಳಿದ್ರೆ ಮಾತ್ರ ಇಡೀ ಕ್ಲಾಸು ಸೈಲೆಂಟ್.

ಅವರ ಹೆಸರು ಮೈಕೆಲ್ ಜಾನ್ ಮೂಸ್. ನೆಟ್‌ವರ್ಕನ್ನ ಮೂಸಿ ನೋಡೋ ಟೂಲ್ ಬರೆದವರಿಗೆ ಕನ್ನಡದ ಕಿವಿಗೆ ಇದಕ್ಕಿಂತ ಒಳ್ಳೇ ಹೆಸರು ಸಿಗಲ್ಲ ಬಿಡಿ! ಹುಟ್ಟಿದ್ದು 1958ರ ಅಕ್ಟೋಬರ್ 16ರಂದು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಯೂನಿವರ್ಸಿಟಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ 1979ರಲ್ಲಿ ಡಿಗ್ರಿ ಮುಗಿಸಿದರು. ಕಾಲೇಜಲ್ಲಿದ್ದಾಗ ಸೋನಾರ್ ಮತ್ತು ರೇಡಾರ್ ಮಾಡೆಲಿಂಗ್ ಮೇಲೆ ತುಂಬಾ ಕೆಲಸ ಮಾಡಿದ್ದರು. ಸೋನಾರ್ ಅಂದ್ರೆ ಗೊತ್ತಲ್ಲ, ನೀರಿನೊಳಗೆ ಒಂದು ಸದ್ದು ಕಳಿಸೋದು, ಅದು ಎದುರಿಗೆ ಇರೋದಕ್ಕೆ ಬಡಿದು ವಾಪಸ್ ಬರೋಕೆ ಎಷ್ಟು ಹೊತ್ತಾಯ್ತು ಅಂತ ಅಳೆಯೋದು. ಈ ಐಡಿಯಾ ಅವರನ್ನ ಕೊನೇವರೆಗೂ ಬಿಡಲಿಲ್ಲ.

ಕೆಲಸ ಮಾಡಿದ್ದು ಮೇರಿಲ್ಯಾಂಡ್‌ನ ಅಬರ್ಡೀನ್‌ನಲ್ಲಿದ್ದ ಅಮೆರಿಕ ಸೈನ್ಯದ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿಯಲ್ಲಿ. ನಾವು ಟೆಕ್ಸ್ಟ್‌ಬುಕ್‌ನಲ್ಲಿ ಓದೋ ಎನಿಯಾಕ್ ಕಂಪ್ಯೂಟರ್ ತಯಾರಾಗಿದ್ದು ಇದೇ ಲ್ಯಾಬಿನ ಲೆಕ್ಕಾಚಾರಕ್ಕೆ. ಅಲ್ಲಿ ಮೂಸ್ ಅವರ ದೊಡ್ಡ ಕೆಲಸ ಬಿಆರ್‌ಎಲ್-ಕ್ಯಾಡ್ ಅನ್ನೋ ಸಾಫ್ಟ್‌ವೇರ್. ಒಂದು ಯುದ್ಧವಾಹನದ ಘನ ಮಾಡೆಲನ್ನ ಕಂಪ್ಯೂಟರ್‌ನಲ್ಲಿ ಕಟ್ಟಿ, ಅದರೊಳಗೆ ಕಾಲ್ಪನಿಕ ಕಿರಣಗಳನ್ನ ಹಾಯಿಸಿ, ಯಾವ ಕಿರಣ ಏನಕ್ಕೆ ಬಡೀತು ಅಂತ ನೋಡೋದು. ಇವತ್ತು ಗೇಮಿಂಗ್ ಹುಡುಗರು ರೇ ಟ್ರೇಸಿಂಗ್ ಅಂತ ಕುಣಿಯೋದು ಇದೇ ವಿದ್ಯೆಗೆ. ಇಲ್ಲೂ ಅದೇ ಸೋನಾರ್ ಬುದ್ಧಿ: ಒಂದನ್ನ ಕಳಿಸು, ಏನಾಗುತ್ತೆ ನೋಡು.

1983ರ ಜುಲೈನಲ್ಲಿ ನಾರ್ವೆಯಲ್ಲಿ ಡಾರ್ಪಾದ ಒಂದು ಮೀಟಿಂಗ್ ಇತ್ತು. ಅಲ್ಲಿ ಡೇವಿಡ್ ಮಿಲ್ಸ್ ಅನ್ನೋ ವಿಜ್ಞಾನಿ, ಐಸಿಎಂಪಿ ಎಕೋ ಪ್ಯಾಕೆಟ್‌ಗಳನ್ನ ಕಳಿಸಿ ದಾರಿಯ ಲೇಟೆನ್ಸಿ ಅಳೆದಿದ್ದರ ಬಗ್ಗೆ ಮಾತಿನ ಮಧ್ಯೆ ಹೇಳಿದ್ದರು. ಮೂಸ್ ಅದನ್ನ ತಲೆಯಲ್ಲಿ ಇಟ್ಟುಕೊಂಡರು.

ಅದೇ ವರ್ಷ ಡಿಸೆಂಬರ್‌ನಲ್ಲಿ ಲ್ಯಾಬಿನ ನೆಟ್‌ವರ್ಕ್ ವಿಚಿತ್ರವಾಗಿ ಆಡೋಕೆ ಶುರು ಮಾಡ್ತು. ಮಿಲ್ಸ್ ಹೇಳಿದ್ದು ನೆನಪಾಗಿ ಮೂಸ್ ಸರಸರ ಕೋಡ್ ಬರೆದರು. ಕಂಪೈಲ್ ಆಯ್ತು, ರನ್ ಮಾಡಿದ್ರೆ ಕೆಲಸ ಮಾಡಲ್ಲ! ನೋಡಿದ್ರೆ ಕರ್ನೆಲ್‌ನಲ್ಲಿ ಅದಕ್ಕೆ ಬೇಕಾದ ಐಸಿಎಂಪಿ ರಾ ಸಾಕೆಟ್ ಸಪೋರ್ಟೇ ಇಲ್ಲ. ಸಿಟ್ಟಿಗೆದ್ದು ಕರ್ನೆಲ್ ಕೋಡನ್ನೂ ಅವರೇ ಬರೆದರು. ಬೆಳಗಾಗೋ ಮುಂಚೆ ಎಲ್ಲಾ ರೆಡಿ. ಮಜಾ ಅಂದ್ರೆ, ಅವರು ಮೊದಲ ಪ್ಯಾಕೆಟ್ ಕಳಿಸೋ ಹೊತ್ತಿಗೆ ಸಹೋದ್ಯೋಗಿಯೊಬ್ಬರು ಹಾರ್ಡ್‌ವೇರ್ ತೊಂದರೆಯನ್ನ ಹುಡುಕಿ ಸರಿ ಮಾಡಿಬಿಟ್ಟಿದ್ದರು. ಯಾವ ಪ್ರಾಬ್ಲಮ್‌ಗೆ ಅಂತ ಪಿಂಗ್ ಹುಟ್ಟಿತೋ ಆ ಪ್ರಾಬ್ಲಮ್‌ಗೆ ಅದು ಬೇಕೇ ಆಗಲಿಲ್ಲ.

ಹೆಸರಿಗೆ ಉದ್ದದ ಫುಲ್ ಫಾರ್ಮ್ ಇದೆ ಅಂತ ಹೇಳೋರಿದ್ದಾರೆ. ಅದನ್ನ ಆಮೇಲೆ ಕಟ್ಟಿದ್ದು. ಮೂಸ್ ಅವರ ಪ್ರಕಾರ ಅದು ಸೋನಾರ್ ಮಾಡೋ ಸದ್ದು, ಅಷ್ಟೇ. ಬರ್ಕ್ಲಿಯವರು ಆ ಕೋಡನ್ನೂ ಕರ್ನೆಲ್ ಬದಲಾವಣೆಗಳನ್ನೂ ಖುಷಿಯಿಂದ ತಗೊಂಡು ತಮ್ಮ ಯೂನಿಕ್ಸ್‌ಗೆ ಸೇರಿಸಿದರು. ಅಲ್ಲಿಂದ ಪಿಂಗ್ ಎಲ್ಲಾ ಕಂಪ್ಯೂಟರ್‌ಗಳಿಗೂ ಹರಡಿತು. ಮೂಸ್ ಇಷ್ಟಪಟ್ಟು ಹೇಳ್ತಿದ್ದ ಒಂದು ಕಥೆ ಇದೆ. ಆಗಾಗ ಕೈಕೊಡೋ ಕೇಬಲ್ ಇದ್ದ ಒಬ್ಬ ಅಡ್ಮಿನ್, ಪಿಂಗ್‌ನ ಔಟ್‌ಪುಟ್ಟನ್ನ ಮಾತಾಡೋ ಪ್ರೋಗ್ರಾಮ್‌ಗೆ ಕೊಟ್ಟು ಸ್ಟೀರಿಯೋದಲ್ಲಿ ಜೋರಾಗಿ ಹಾಕಿದನಂತೆ. ಸೆಕೆಂಡಿಗೊಂದು ಸಲ ಪಿಂಗ್ ಅಂತ ಕೂಗ್ತಿರೋವಾಗ ಕಟ್ಟಡ ಪೂರ್ತಿ ಓಡಾಡಿ ಒಂದೊಂದೇ ಕನೆಕ್ಟರ್ ಅಲ್ಲಾಡಿಸಿದ. ಯಾವುದನ್ನ ಮುಟ್ಟಿದಾಗ ಸದ್ದು ನಿಂತಿತೋ ಅದೇ ಕಳ್ಳ.

ಇಲ್ಲಿವರೆಗೂ ಚೆನ್ನಾಗಿದೆ. ಆದರೆ ಪಿಂಗ್ ಬರ್ತಿದೆ, ವೆಬ್‌ಪೇಜ್ ಮಾತ್ರ ತೆರೆಯಲ್ಲ, ಲಾಗಿನ್ ಆಗುತ್ತೆ, ದೊಡ್ಡ ಫೈಲ್ ಬರಲ್ಲ ಅನ್ನೋ ಪರಿಸ್ಥಿತಿ ನೋಡಿದ್ದೀರಾ? ಲಿನಕ್ಸ್‌ನಲ್ಲಿ ಪಿಂಗ್ ತಾನಾಗಿ ಕಳಿಸೋದು 56 ಬೈಟ್ ಡೇಟಾ, ವಿಂಡೋಸ್‌ನಲ್ಲಿ 32. ಈಥರ್ನೆಟ್ ಲಿಂಕ್ ಒಂದು ಸಲಕ್ಕೆ ಹೊರಬಲ್ಲ ಐಪಿ ಪ್ಯಾಕೆಟ್ 1500 ಬೈಟ್. ಇದಕ್ಕೇ ಎಂಟಿಯು ಅನ್ನೋದು. ಸೈಕಲ್ ಹೋಗೋ ಸಂದಿಯಲ್ಲಿ ಲಾರಿನೂ ಹೋಗುತ್ತೆ ಅಂತ ಹೇಳೋಕಾಗಲ್ಲ. ನಾವು ಸೈಕಲ್ ಕಳಿಸಿ ರಸ್ತೆ ಸರಿಯಿದೆ ಅಂತ ಬರ್ಕೊಂಡು ಬರ್ತೀವಿ.

ಎರಡು ರೂಟರ್‌ಗಳ ಮಧ್ಯೆ ಇದು ಇನ್ನೂ ಕಾಟ ಕೊಡುತ್ತೆ. ಮುಂದಿನ ಲಿಂಕ್ ಚಿಕ್ಕದು ಅಂತ ರೂಟರ್‌ಗೆ ಗೊತ್ತಿದ್ರೆ ಅದು ಪ್ಯಾಕೆಟ್ಟನ್ನ ತುಂಡು ಮಾಡುತ್ತೆ. ತುಂಡು ಮಾಡಬೇಡ ಅನ್ನೋ ಬಿಟ್ ಹಾಕಿದ್ರೆ, ಸೈಜ್ ಜಾಸ್ತಿ ಆಯ್ತು ಅಂತ ಐಸಿಎಂಪಿ ಮೆಸೇಜ್ ವಾಪಸ್ ಕಳಿಸುತ್ತೆ. ಆದ್ರೆ ಒಂದು ಕಡೆ ಎಂಟಿಯು 9000, ಇನ್ನೊಂದು ಕಡೆ 1500 ಅಂತ ಸೆಟ್ ಮಾಡಿದ್ರೆ, ಇಲ್ಲಾ ಮಧ್ಯದ ಸ್ವಿಚ್ ದೊಡ್ಡ ಫ್ರೇಮ್ ಒಪ್ಪದಿದ್ರೆ, ಪ್ಯಾಕೆಟ್ ಸುಮ್ಮನೆ ಮಾಯ. ಯಾರೂ ಏನೂ ಹೇಳಲ್ಲ. ಓಎಸ್‌ಪಿಎಫ್‌ನಲ್ಲಿ ಹೆಲೋ ಪ್ಯಾಕೆಟ್‌ಗಳು ಚಿಕ್ಕವು, ಹಾಗಾಗಿ ಪಕ್ಕದ ರೂಟರ್ ಪರಿಚಯ ಆಗುತ್ತೆ. ಮುಂದೆ ಡೇಟಾಬೇಸ್ ವಿವರದ ಪ್ಯಾಕೆಟ್ ಜೊತೆ ಎಂಟಿಯು ನಂಬರ್ ಹೋಗುತ್ತೆ, ಅದು ತಾಳೆ ಆಗದಿದ್ರೆ ಸಂಬಂಧ ಎಕ್ಸ್‌ಸ್ಟಾರ್ಟ್ ಇಲ್ಲವೇ ಎಕ್ಸ್‌ಚೇಂಜ್ ಹಂತದಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಆ ಹೊತ್ತಲ್ಲಿ ಮಾಮೂಲಿ ಪಿಂಗ್ ಹೊಡೆದ್ರೆ ನೂರಕ್ಕೆ ನೂರು ರಿಪ್ಲೈ!

ಇದನ್ನ ಹಿಡಿಯೋಕೂ ಪಿಂಗೇ ಸಾಕು. ಬರ್ಕ್ಲಿ ಯೂನಿಕ್ಸ್ ಜೊತೆ ಬಂದ ಹಳೇ ಪಿಂಗ್‌ನಲ್ಲೇ ಹೋಸ್ಟ್ ಹೆಸರಿನ ಮುಂದೆ ಪ್ಯಾಕೆಟ್ ಸೈಜ್ ಕೊಡೋಕೆ ಜಾಗ ಇತ್ತು. ಈಗ ಲಿನಕ್ಸ್‌ನಲ್ಲಿ ಎಸ್ ಆಪ್ಷನ್, ವಿಂಡೋಸ್‌ನಲ್ಲಿ ಎಲ್. ತುಂಡು ಮಾಡಬೇಡ ಅನ್ನೋಕೆ ಲಿನಕ್ಸ್‌ನಲ್ಲಿ ದೊಡ್ಡ ಎಂ ಹಾಕಿ ಡೂ, ವಿಂಡೋಸ್‌ನಲ್ಲಿ ಎಫ್. ಮೊದಲು 1472 ಕೊಟ್ಟು ನೋಡಿ. ಅದಕ್ಕೆ ಐಸಿಎಂಪಿ ಹೆಡರ್ 8, ಐಪಿ ಹೆಡರ್ 20 ಸೇರಿದ್ರೆ ಸರಿಯಾಗಿ 1500. ಹೋಗಲಿಲ್ಲ ಅಂದ್ರೆ ಇಳಿಸಿ, ಹೋದ್ರೆ ಏರಿಸಿ, ಬೈನರಿ ಸರ್ಚ್ ಥರ. 1464 ಹೋಗಿ 1465 ನಿಂತ್ರೆ ಎಂಟಿಯು 1492, ಬಹುಶಃ ದಾರಿಯಲ್ಲಿ ಪಿಪಿಪಿಒಇ ಇದೆ, ಅದರ 8 ಬೈಟ್ ಕಳೆದಿದೆ. ಯಾವ ಲಿಂಕ್ ಅಂತ ತಿಳೀಬೇಕಾದ್ರೆ ಹತ್ತಿರದ ರೂಟರ್‌ನಿಂದ ಶುರುಮಾಡಿ ಒಂದೊಂದೇ ಹಾಪ್ ಮುಂದೆ ಹೋಗಿ. ಚಿಕ್ಕದು ದಾಟಿ ದೊಡ್ಡದು ಎಲ್ಲಿ ನಿಲ್ಲುತ್ತೋ ಅಲ್ಲಿ ಹುಡುಕಿ.

1990ರಲ್ಲಿ ಮೊಗಲ್ ಮತ್ತು ಡೀರಿಂಗ್ ಇದೇ ಕೆಲಸ ಕಂಪ್ಯೂಟರ್‌ಗಳು ತಾವೇ ಮಾಡ್ಕೊಳ್ಳೋ ವಿಧಾನವನ್ನ ಆರ್‌ಎಫ್‌ಸಿ 1191ರಲ್ಲಿ ಬರೆದರು. ಅದು ನಡೆಯೋದು ಆ ಐಸಿಎಂಪಿ ಮೆಸೇಜ್ ವಾಪಸ್ ಬಂದ್ರೆ ಮಾತ್ರ. 1996ರ ಸುಮಾರಿಗೆ ಪಿಂಗ್ ಆಫ್ ಡೆತ್ ಬಂತು. 65,535 ಬೈಟ್ ಮಿತಿ ಮೀರೋ ಪಿಂಗನ್ನ ತುಂಡುಗಳಾಗಿ ಕಳಿಸಿದ್ರೆ ಎದುರಿನ ಮಶೀನ್ ಕ್ರ್ಯಾಶ್. ಇಂಥ ಭಯಕ್ಕೆ ಫೈರ್‌ವಾಲ್‌ನಲ್ಲಿ ಐಸಿಎಂಪಿಯನ್ನೇ ಪೂರ್ತಿ ಮುಚ್ಚೋ ಅಡ್ಮಿನ್‌ಗಳು ಈಗಲೂ ಇದ್ದಾರೆ. ನೆಗಡಿ ಆಯ್ತು ಅಂತ ಮೂಗೇ ಕೊಯ್ದ ಹಾಗೆ. ಸೈಜ್ ಜಾಸ್ತಿ ಅಂತ ಹೇಳೋ ಮೆಸೇಜೂ ಅದರ ಜೊತೆಗೇ ಸಾಯುತ್ತೆ.

ಮೂಸ್ ಅವರೂ ಬರೀ ಪಿಂಗ್‌ಗೆ ನಿಲ್ಲಲಿಲ್ಲ. 1984ರಲ್ಲಿ ಟೆರ್ರಿ ಸ್ಲಾಟರಿ ಜೊತೆ ಟಿಟಿಸಿಪಿ ಬರೆದರು. ಲಿಂಕ್ ಜೀವಂತ ಇದೆಯಾ ಅಂತ ಕೇಳೋದು ಪಿಂಗ್. ಲಿಂಕಿನ ಮೇಲೆ ರಾಶಿ ಡೇಟಾ ಸುರಿದು ಎಷ್ಟು ವೇಗದಲ್ಲಿ ದಾಟುತ್ತೆ ಅಂತ ಅಳೆಯೋದು ಟಿಟಿಸಿಪಿ. ಎರಡೂ ಬೇರೆ ಬೇರೆ ಪ್ರಶ್ನೆಗಳು.

2000ನೇ ಇಸವಿ ನವೆಂಬರ್ 20ರಂದು ಹೆದ್ದಾರಿಯಲ್ಲಿ ಆದ ಕಾರ್ ಅಪಘಾತದಲ್ಲಿ ಮೂಸ್ ತೀರಿಕೊಂಡರು. ಆಗ ಅವರಿಗೆ ಬರೀ 42 ವರ್ಷ. ವರ್ಷಗಟ್ಟಲೆ ದುಡಿದ ಬಿಆರ್‌ಎಲ್-ಕ್ಯಾಡ್ 2004ರಲ್ಲಿ ಓಪನ್ ಸೋರ್ಸ್ ಆಗಿದ್ದನ್ನ ನೋಡೋಕೆ ಅವರು ಇರಲಿಲ್ಲ. ತನ್ನ ಹೆಸರು ಉಳಿಯೋದು ಆ ಒಂದು ರಾತ್ರಿಯ ಕೋಡ್‌ನಿಂದ ಅಂತ ಮೊದಲೇ ಗೊತ್ತಿದ್ರೆ, ಇನ್ನೊಂದೆರಡು ದಿನ ಕೂತು ಇನ್ನಷ್ಟು ಆಪ್ಷನ್ ಸೇರಿಸ್ತಿದ್ದೆ ಅಂತ ಅವರು ತಮಾಷೆ ಮಾಡಿದ್ದುಂಟು. ಆಪ್ಷನ್‌ಗಳನ್ನ ಆಮೇಲೆ ಬೇರೆಯವರು ಸೇರಿಸಿದರು, ಬಳಸೋದು ನಮ್ಮ ಕೆಲಸ. ಮುಂದಿನ ಸಲ ಲ್ಯಾಬ್ ರೆಕಾರ್ಡ್‌ನಲ್ಲಿ ಪಿಂಗ್ ಸಕ್ಸೆಸ್ ಅಂತ ಬರೆಯೋವಾಗ, ಎಷ್ಟು ಬೈಟ್‌ಗೆ ಸಕ್ಸೆಸ್ ಅಂತಲೂ ಪಕ್ಕದಲ್ಲಿ ಬರೀರಿ.