ಕಾಲುಸಂಕ ಮತ್ತು ಇಬ್ನ್ ಸೀನಾ

ನಮ್ಮ ಮನೆಗೂ ಬಸ್ ಬರುವ ರಸ್ತೆಗೂ ನಡುವೆ ಒಂದು ತೋಡು ಇದೆ. ಅದನ್ನು ದಾಟಲು ಅಡಿಕೆ ಮರಗಳನ್ನು ಜೋಡಿಸಿದ ಕಾಲುಸಂಕ. ಬೇಸಿಗೆಯಲ್ಲಿ ನಾನು ಅದರ ಮೇಲೆ ಓಡಿಕೊಂಡೇ ಹೋಗುತ್ತೇನೆ. ಕಳೆದ ಮಳೆಗಾಲದಲ್ಲಿ ಕೆಳಗೆ ಕೆಂಪು ನೀರು ಉಕ್ಕಿ ಹರಿಯುತ್ತಿದ್ದಾಗ ಮಾತ್ರ ಅರ್ಧದಲ್ಲೇ ನಿಂತುಬಿಟ್ಟೆ. ಮೊಣಕಾಲು ನಡುಗಿತು, ಅಂಗೈ ಬೆವರಿತು. ಉಪ್ಪ ಬಂದು ಕೈಹಿಡಿದು ದಾಟಿಸಿದರು. ಅಂದಿನ ಕಿರುಪರೀಕ್ಷೆ ತಪ್ಪಿಹೋಯಿತು. ಸಂಕ ಅದೇ, ಕಾಲೂ ಅದೇ. ಹಾಗಾದರೆ ಬದಲಾದದ್ದು ಏನು?

ಉತ್ತರ ಸಿಕ್ಕಿದ್ದು ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ, ಇಬ್ನ್ ಸೀನಾ ಅವರ ಬಗ್ಗೆ ಓದುವಾಗ.

ಅವರು ಹುಟ್ಟಿದ್ದು 980ರಲ್ಲಿ, ಈಗ ಉಜ್ಬೇಕಿಸ್ತಾನದಲ್ಲಿರುವ ಬುಖಾರಾದ ಹತ್ತಿರದ ಅಫ್ಶಾನಾ ಎಂಬ ಹಳ್ಳಿಯಲ್ಲಿ. ಹತ್ತನೇ ವಯಸ್ಸಿಗೆ ಕುರ್‌ಆನ್ ಕಂಠಪಾಠವಾಗಿತ್ತು. ನಮ್ಮ ವಯಸ್ಸಿನಲ್ಲಿ ಅವರು ರೋಗಿಗಳನ್ನು ನೋಡುತ್ತಿದ್ದರು. ಬುಖಾರಾದ ದೊರೆ ನೂಹ್ ಇಬ್ನ್ ಮನ್ಸೂರ್ ಕಾಯಿಲೆ ಬಿದ್ದಾಗ ಚಿಕಿತ್ಸೆಗೆ ಅವರನ್ನೂ ಕರೆಸಿದರು. ಇದರಿಂದಾಗಿ ಅರಮನೆಯ ಗ್ರಂಥಾಲಯದ ಬಾಗಿಲು ಅವರಿಗೆ ತೆರೆಯಿತು. ಅಂಥವರಿಗೂ ಅರಿಸ್ಟಾಟಲನ ಒಂದು ಗ್ರಂಥ ನಲವತ್ತು ಸಲ ಓದಿದರೂ ಅರ್ಥವಾಗಿರಲಿಲ್ಲ. ಮೂರು ದಿರ್ಹಮಿಗೆ ಕೊಂಡ ಅಲ್-ಫಾರಾಬಿಯ ಪುಸ್ತಕದಿಂದ ಅದು ತಿಳಿಯಿತಂತೆ. ಇದನ್ನು ಓದಿ ನನಗೆ ಸ್ವಲ್ಪ ಸಮಾಧಾನವಾಯಿತು.

ಅವರ ‘ಶಿಫಾ’ ಗ್ರಂಥದ ಮನಸ್ಸಿನ ಭಾಗದಲ್ಲಿ ನನ್ನ ಕಾಲುಸಂಕವೇ ಇದೆ! ನೆಲದ ಮೇಲಿಟ್ಟ ಮರದ ದಿಮ್ಮಿಯ ಮೇಲೆ ಯಾರೂ ಸರಾಗವಾಗಿ ನಡೆಯುತ್ತಾರೆ. ಅದನ್ನೇ ಆಳದ ಮೇಲೆ ಹಾಕಿದರೆ ಬೀಳುವ ಚಿತ್ರ ಮನಸ್ಸಿನಲ್ಲಿ ಮೂಡುತ್ತದೆ, ದೇಹ ಆ ಚಿತ್ರದ ಮಾತು ಕೇಳುತ್ತದೆ ಎಂದು ಅವರು ವಿವರಿಸುತ್ತಾರೆ. ಗುಣವಾಗುತ್ತೇನೆಂಬ ಬಲವಾದ ನಂಬಿಕೆ ರೋಗಿಗೆ ನೆರವಾಗಬಹುದು, ರೋಗ ಬಂದಿದೆ ಎಂಬ ಕಲ್ಪನೆ ಆರೋಗ್ಯವಂತನನ್ನೂ ಮಲಗಿಸಬಹುದು ಎಂಬುದೂ ಅವರ ಅಭಿಪ್ರಾಯ.

ಐದು ಸಂಪುಟಗಳ ‘ಕಾನೂನ್’ ವೈದ್ಯಗ್ರಂಥದಲ್ಲಿ ಇನ್ನೊಂದು ವಿಷಯವಿದೆ. ಪ್ರೇಮದ ಕೊರಗಿನಿಂದ ಸೊರಗಿದವರು ಬಾಯಿಬಿಡದಿದ್ದರೆ, ವೈದ್ಯರು ನಾಡಿ ಹಿಡಿದು ಹೆಸರುಗಳನ್ನೂ ಬೀದಿಗಳನ್ನೂ ಒಂದೊಂದಾಗಿ ಹೇಳುತ್ತಾ ಹೋಗಬೇಕು. ನಾಡಿ ಏರುಪೇರಾದಲ್ಲಿ ಗುಟ್ಟು ಸಿಗುತ್ತದೆ. ಈ ಗ್ರಂಥ ಲ್ಯಾಟಿನಿಗೆ ಅನುವಾದಗೊಂಡು ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ನೂರಾರು ವರ್ಷ ಪಾಠವಾಗಿತ್ತು.

ಅವರ ಬದುಕು ಸುಖದ್ದಾಗಿರಲಿಲ್ಲ. ರಾಜ್ಯಗಳು ಉರುಳಿದಾಗ ಊರೂರು ಅಲೆದರು. ಹಮದಾನಿನಲ್ಲಿ ವಜೀರರಾದರು, ಮುಂದೆ ಅಲ್ಲಿಯವರೇ ಅವರನ್ನು ಫರ್ದಜಾನ್ ಕೋಟೆಯಲ್ಲಿ ಸುಮಾರು ನಾಲ್ಕು ತಿಂಗಳು ಸೆರೆಯಿಟ್ಟರು. ಅಲ್ಲೂ ಬರೆದರು. ಬರೆದವುಗಳಲ್ಲಿ ಒಂದು ಹೊಟ್ಟೆಶೂಲೆಯ ಬಗ್ಗೆ. ಕೊನೆಗೆ ಅದೇ ಕಾಯಿಲೆ ಅವರನ್ನು ಕಾಡಿತು. 1037ರಲ್ಲಿ ಹಮದಾನಿನಲ್ಲಿ ತೀರಿಕೊಂಡರು.

ನನ್ನನ್ನು ಹೆಚ್ಚು ತಟ್ಟಿದ್ದು ಇದೇ. ಮನಸ್ಸಿನ ಶಕ್ತಿಯನ್ನು ಅಷ್ಟು ಬಲ್ಲವರು ತಮ್ಮ ಕಾಯಿಲೆಗೆ ಮದ್ದನ್ನೂ ತೆಗೆದುಕೊಂಡರು. ಮನಸ್ಸು ದೊಡ್ಡದು, ಆದರೆ ಅದೊಂದೇ ಸಾಲದು.

ಈಗ ಪರೀಕ್ಷೆಯ ಬೆಳಿಗ್ಗೆ ಹೊಟ್ಟೆ ಹಿಂಡಿದರೆ, ಇದು ಮನಸ್ಸು ಬರೆದ ಚಿತ್ರವೇ ಎಂದು ಮೊದಲು ಕೇಳಿಕೊಳ್ಳುತ್ತೇನೆ. ಸಂಕ ದಾಟುವಾಗ ನೀರನ್ನಲ್ಲ, ಆಚೆ ದಡವನ್ನು ನೋಡುತ್ತೇನೆ. ಹಾಗೆಂದು ಉಪ್ಪ ಕಟ್ಟಿಕೊಟ್ಟ ಹಗ್ಗವನ್ನು ಕೈಬಿಡುವುದಿಲ್ಲ.